ತೂಕವಿಲ್ಲದ ಹೊರೆಗೂ ಅಷ್ಟೇ ಡೀಸೆಲ್ಲಾ?

ಟಿ. ನರಸೀಪುರದ ಚಾಮಯ್ಯನಿಗೆ ತನ್ನ ಲಾರಿಯ ವರಸೆಯೇ ಅರ್ಥವಾಗುತ್ತಿರಲಿಲ್ಲ. ಅಕ್ಕಿ ಮೂಟೆ ಹೇರಿದಾಗ ಎಷ್ಟು ಡೀಸೆಲ್ ಬೇಕೋ, ಹಗುರವಾದ ತೆಂಗಿನ ನಾರನ್ನು ಎತ್ತರಕ್ಕೆ ಹೇರಿ ಪುಣೆಗೆ ಹೋದಾಗಲೂ ಹೆಚ್ಚೂಕಡಿಮೆ ಅಷ್ಟೇ ಬೇಕು. ಮೆಕ್ಯಾನಿಕ್ ಬಿಚ್ಚಿ ನೋಡಿದರೂ ತಪ್ಪು ಸಿಗಲಿಲ್ಲ. ಮುಂದಿನ ಟ್ರಿಪ್ಪೂ ಹೀಗೇ ಆದರೆ ನಂಜನಗೂಡಿನ ವ್ಯಾಪಾರಿಗೆ ಲಾರಿ ಮಾರಿಬಿಡುವುದೆಂದು ಹೆಂಡತಿ ಪುಟ್ಟಲಕ್ಷ್ಮಿ ಖಡಾಖಂಡಿತವಾಗಿ ಹೇಳಿದ್ದಳು. ಹದಿನಾಲ್ಕು ವರ್ಷ ಅನ್ನ ಹಾಕಿದ ಗಾಡಿ ಅದು.

ಪುಟ್ಟಲಕ್ಷ್ಮಿಯ ತಂಗಿಯ ಮಗಳು ಭಾನುಪ್ರಿಯಾ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಳು. 2006ರ ರಜೆಯಲ್ಲಿ ಬಂದವಳು ಹೊರೆ ಸಮೇತ ಲಾರಿಯನ್ನು ಟೇಪು ಹಿಡಿದು ಅಳೆದುಕೊಂಡು ಹೋದಳು. ಎರಡು ವಾರದ ಮೇಲೆ ಲಾರಿಯ ಬಣ್ಣದ ಚಿತ್ರವೊಂದನ್ನು ಕಳಿಸಿ ಫೋನ್ ಮಾಡಿದಳು. "ದೊಡ್ಡಪ್ಪ, ಕೆಂಪಿರೋ ಕಡೆನೇ ಎಡವಟ್ಟು. ಭಾನುವಾರ ಬಂದು ಹೇಳ್ತೀನಿ."

ಚಿತ್ರದಲ್ಲಿ ಕ್ಯಾಬಿನ್ನಿನ ಮೇಲೆ ಎದ್ದು ನಿಂತ ಹೊರೆಯ ಮುಂಭಾಗ ಕೆಂಡದಂತೆ ಕೆಂಪಗಿತ್ತು. ಚಾಮಯ್ಯನಿಗೆ ಭಾನುವಾರದವರೆಗೆ ಕಾಯುವ ವ್ಯವಧಾನವೆಲ್ಲಿ? ಹನ್ನೆರಡು ಬಕೆಟ್ ನೀರು ಹೊತ್ತು, ಮುಂದಿನ ಟ್ರಿಪ್ಪಿಗೆ ಹೇರಿ ನಿಲ್ಲಿಸಿದ್ದ ಹೊರೆಯ ಆ ಜಾಗಕ್ಕೇ ಸುರಿದ. ನಾರು ನೀರು ಕುಡಿದು ಭಾರವಾಯಿತು.

ಭಾನುವಾರ ಬಂದ ಭಾನುಪ್ರಿಯಾ ತೊಟ್ಟಿಕ್ಕುತ್ತಿದ್ದ ಲಾರಿ ನೋಡಿ ತಲೆ ಚಚ್ಚಿಕೊಂಡಳು. "ಇದ್ಯಾಕ್ ದೊಡ್ಡಪ್ಪ ನೆನೆಸಿದ್ದೀಯ?"

"ಕೆಂಪು ಬಳ್ದೋಳು ನೀನೇ ಅಲ್ವಾ? ಸುಡ್ತಾ ಅದೆ ಅಂತ ಉಯ್ದೆ ಕಣವ್ವ."

"ಅದು ಕಾವಲ್ಲ, ಗಾಳಿ ಗುದ್ದೋ ಜಾಗ! ಲಾರಿ ಬೆನ್ನಿಂದೆ ನೀಲಿ ಅದಲ್ಲ, ಅಲ್ಲಿ ಗಾಳಿ ಲಾರೀನ ಇಂದಕ್ಕೆ ಎಳೀತದೆ. ಕಂಪ್ಯೂಟರ್‌ನಾಗೆ ನಿನ್ ಲಾರಿ ಕಟ್ಟಿ, ಗಾಳಿ ಬಿಟ್ಟು ನೋಡ್ದೆ."

"ಕಂಪ್ಯೂಟರ್ ಒಳ್ಗೆ ಗಾಳಿ ಎಲ್ಲಿಂದ ಬಂತು? ಫ್ಯಾನ್ ಮಡಗಿದ್ಯಾ?"

"ನಿಜವಾದ ಗಾಳಿ ಅಲ್ಲ, ಗಾಳೀದು ಲೆಕ್ಕ."

ಚಾಮಯ್ಯನಿಗೆ ತಲೆ ಬುಡ ಒಂದೂ ತಿಳಿಯಲಿಲ್ಲ. ಅಕ್ಕಿ ಕೇರುತ್ತಿದ್ದ ಪುಟ್ಟಲಕ್ಷ್ಮಿ ಮೊರ ಖಾಲಿ ಮಾಡಿ ಅವನ ಕೈಗಿತ್ತಳು. "ಇದ್ನ ಎದೆಗೆ ಅಡ್ಡ ಹಿಡ್ಕಂಡು ಹೊಳೆ ಸೇತುವೆ ಮ್ಯಾಲೆ ಓಡಿ. ಆಮ್ಯಾಕೆ ಓರೆ ಮಾಡ್ಕಂಡು ಓಡಿ."

ಊರವರು ನಗುತ್ತಿದ್ದರೂ ಚಾಮಯ್ಯ ಓಡಿದ. ಅಡ್ಡ ಹಿಡಿದಾಗ ಗಾಳಿ ಎದೆಗೆ ಒದ್ದಿತು. ಓರೆ ಮಾಡಿದಾಗ ಮೇಲಕ್ಕೆ ಜಾರಿಹೋಯಿತು. ಏದುಸಿರು ಬಿಡುತ್ತಾ ವಾಪಸ್ ಬಂದ. "ಮೊರನೂ ಅದೇ, ತೂಕನೂ ಅದೇ! ಅಂಗಾರೆ ನನ್ ಲಾರಿ ಇಷ್ಟ್ ದಿನ ಮೊರ ಅಡ್ಡ ಹಿಡ್ಕಂಡು ಪುಣೆಗಂಟ ಓಡ್ತಿತ್ತಾ?"

ನಾರು ಒಣಗಿಸಿ, ಹೊರೆ ತಗ್ಗಿಸಿ, ಟಾರ್ಪಾಲನ್ನು ಬಿಗಿಯಾಗಿ ಎಳೆದು ಕಟ್ಟಿದರು. ಭಾನುಪ್ರಿಯಾ ಕಂಪ್ಯೂಟರಿನಲ್ಲಿ ನೋಡಿ ಹೇಳಿದ ಅಳತೆಗೆ ಕ್ಯಾಬಿನ್ ಮೇಲೆ ಓರೆಯಾಗಿ ತಗಡು ಕೂರಿಸಿದರು.

ಚಾಮಯ್ಯ ಪುಣೆಯಿಂದ ಮರಳಿದಾಗ ನಂಜನಗೂಡಿನ ವ್ಯಾಪಾರಿ ಜಗುಲಿಯ ಮೇಲೆ ಕಾದಿದ್ದ. ಡೀಸೆಲ್ ಎಷ್ಟು ಉಳಿದಿದೆಯೆಂದು ನೋಡಲು ಪುಟ್ಟಲಕ್ಷ್ಮಿ ತಾನೇ ಟ್ಯಾಂಕಿಗೆ ಕಡ್ಡಿ ಇಳಿಸಿದಳು. ಹೋದ ಸಲದ ಗುರುತಿಗಿಂತ ನಾಲ್ಕು ಬೆರಳು ಮೇಲೆ ಒದ್ದೆಯಾಗಿತ್ತು. ಕಡ್ಡಿಯನ್ನು ಸೆರಗಿನಲ್ಲಿ ಒರೆಸಿಕೊಂಡು ವ್ಯಾಪಾರಿಯ ಕಡೆ ತಿರುಗಿದಳು. "ಕಾಪಿ ಕುಡ್ದು ಓಗಿ ಸಾ. ಲಾರಿ ಮಾರಕ್ಕಿಲ್ಲ."

ಲಾರಿ ಅಣ್ಣಂದಿರೇ, ಡೀಸೆಲ್ ಕುಡಿಯುವುದು ಬರೀ ತೂಕವಲ್ಲ, ಗಾಳಿಯೂ ಹೌದು. ಹೊರೆ ತಗ್ಗಿಸಿ, ಟಾರ್ಪಾಲು ಬಿಗಿಯಿರಿ, ತಿಳಿಯದಿದ್ದರೆ ತಿಳಿದವರನ್ನು ಕೇಳಿ. ನಂಬಿಕೆ ಬರದಿದ್ದರೆ ಮನೆಯ ಮೊರ ಹಿಡಿದು ನೀವೂ ಒಮ್ಮೆ ಓಡಿ ನೋಡಿ.