ಚಾಮುಂಡೇಶ್ವರಿಯ ರೆಕ್ಕೆ

ಇಂದಿರಾ ಶವಪೆಟ್ಟಿಗೆಯೊಳಗೆ ಇಟ್ಟ ಮೊಳದುದ್ದದ ರೆಕ್ಕೆಯನ್ನು ಸತ್ಯನಾರಾಯಣರು ಎರಡೇ ಬೆರಳಲ್ಲಿ ಎತ್ತಿ ಹೊರಗಿಟ್ಟರು.

"ಇದ್ಯಾಕಮ್ಮ? ಇಂಥ ಹೊತ್ತಲ್ಲಿ ಆಟದ ಸಾಮಾನು ಹಾಕ್ತಾರಾ?"

ಮುಚ್ಚಳ ಹಾಕುವ ಮುಂಚೆ ಸತ್ತವರಿಗೆ ಪ್ರಿಯವಾದದ್ದನ್ನು ಜೊತೆಗಿಡುವುದು ಯೋಕೋಹಾಮಾದ ಆ ಚಿತಾಗಾರದ ರೂಢಿ. ಕನ್ನಡ ಸಂಘದ ಹಿರಿಯರಾದ ಸತ್ಯನಾರಾಯಣರು ಚಾಮುಂಡೇಶ್ವರಿಗೆಂದು ತಂದು ಪೆಟ್ಟಿಗೆಯಲ್ಲಿಟ್ಟಿದ್ದು ಒಂದು ಲಟ್ಟಣಿಗೆ. "ಯುಗಾದಿಗೆ ಇಡೀ ಸಂಘಕ್ಕೆ ಒಬ್ಬಟ್ಟು ಮಾಡಿ ಹಾಕಿದ ಕೈ ಅದು" ಎಂದು ಕಣ್ಣೊರೆಸಿಕೊಂಡಿದ್ದರು. ಇಂದಿರಾಳಿಗೆ ಮೈಯೆಲ್ಲ ಉರಿದುಹೋಯಿತು. ವಿಮಾನದ ರೆಕ್ಕೆಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದವಳು, ಮೊನ್ನೆ ಲ್ಯಾಬಿನಲ್ಲೇ ಕುಸಿದು ಸತ್ತವಳು, ಲಟ್ಟಣಿಗೆ ಹಿಡಿದು ಹೋಗಬೇಕೆ?

*

"ಈ ವಿಮಾನ ನೋಡೇ" ಎಂದಿದ್ದಳು ಚಾಮು, ಲ್ಯಾಬಿನಲ್ಲಿ ಇಂದಿರಾಳ ಪಕ್ಕದ ಮೇಜಿಗೆ ಬಂದ ಮೊದಲ ವಾರ, ಹಳೆಯ ನಕ್ಷೆಯೊಂದನ್ನು ಹರವಿ. ಬಹಳ ಹಿಂದೆ ಒಬ್ಬ ಹೆಂಗಸು ಒಂಟಿಯಾಗಿ ಸಮುದ್ರ ದಾಟಿದ ವಿಮಾನ. ಮರದ ಎಲುಬು, ಮೇಲೆ ಬಟ್ಟೆ, ಒಂದೇ ಎಂಜಿನ್.

"ಎದುರಿಗೆ ಪೂರ್ತಿ ಪೆಟ್ರೋಲ್ ಟ್ಯಾಂಕು ಕಣೇ. ಮುಂದೇನೂ ಕಾಣ್ಸಲ್ಲ. ಪಕ್ಕದ ಕಿಟಕೀಲಿ ಬಗ್ಗಿ ಬಗ್ಗಿ ನೋಡ್ಕೊಂಡು ಹಾರಿದಾಳೆ. ಇಳಿದಾಗ ಪೇಪರ್‌ನೋರು ಏನು ಕೇಳಿದ್ರು ಗೊತ್ತಾ? ಟೋಪಿ ಎಲ್ಲಿ ತಗೊಂಡ್ರಿ ಅಂತ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅಂಥದೇ ರೆಕ್ಕೆ ಕಟ್ಟಿ, ಅದು ಎಂಥ ಗಾಳಿ ತಡೆಯುತ್ತದೆಂದು ನೋಡುವುದೇ ಚಾಮುವಿನ ಸಂಶೋಧನೆ. ಮರವನ್ನು ಅವಳೇ ಕೊಯ್ದಳು, ಬಟ್ಟೆಯನ್ನು ಅವಳೇ ಬಿಗಿದು ಹೊಲಿದಳು. ಮೇಲೆ ಮೆರುಗೆಣ್ಣೆ ಬಳಿಯುವುದೊಂದು ಬಾಕಿ ಉಳಿದಿತ್ತು.

*

"ಆಟದ ಸಾಮಾನಲ್ಲ ಸಾರ್, ಅವಳ ಕೆಲಸ ಅದು!" ಇಂದಿರಾಳ ದನಿಗೆ ಇಡೀ ಕೋಣೆ ತಿರುಗಿ ನೋಡಿತು. "ಅವಳು ಇಂಜಿನಿಯರ್. ನಿಮ್ಮ ಸಂಘದ ಅಡುಗೆಯವಳಲ್ಲ."

"ಹೆಣದ ಮುಂದೆ ಜಗಳ ಬೇಡಮ್ಮ. ಶ್ರೀಕಂಠ, ನೀನೇ ಹೇಳಪ್ಪ."

ಚಾಮುವಿನ ಗಂಡ ಶ್ರೀಕಂಠ ರೆಕ್ಕೆಯನ್ನೇ ದಿಟ್ಟಿಸುತ್ತಿದ್ದ. "ಇದನ್ನ ಯಾವಾಗ ಮಾಡಿದ್ಲು? ನಂಗೆ ತೋರಿಸ್ಲೇ ಇಲ್ಲ."

"ನೀವು ಕೇಳ್ಲೇ ಇಲ್ಲ" ಎಂದಳು ಇಂದಿರಾ.

"ಆಫೀಸಲ್ಲಿ ವೈಟುಕೆ ಗಲಾಟೆ, ಎರಡು ಸಾವಿರ ಇಸವಿ ಬಂದ್ರೆ ಕಂಪ್ಯೂಟರ್ ಕೆಡುತ್ತೆ ಅಂತ..."

"ಹೊಸ ವರ್ಷಕ್ಕೇ ಮುಗೀತಲ್ಲ ಅದು. ಈಗ ಮಾರ್ಚು."

ಬಿಳಿ ಕೈಗವಸಿನ ಸಿಬ್ಬಂದಿ ಬಂದು ರೆಕ್ಕೆ ತೋರಿಸಿ ಏನೋ ಕೇಳಿದ. ಹನ್ನೆರಡು ವರ್ಷದ ಮಗಳು ಅಪೂರ್ವ ಜಪಾನೀ ಭಾಷೆಯಲ್ಲಿ ಉತ್ತರ ಕೊಟ್ಟು, ಅಪ್ಪನ ಕಡೆ ತಿರುಗಿದಳು.

"ಮೆಟಲ್ ಇದೆಯಾ ಅಂತ. ನೋ ಅಂದೆ. ಓನ್ಲಿ ವುಡ್ ಅಂಡ್ ಕ್ಲಾತ್. ಐ ನೋ, ಅಪ್ಪ. ಸಂಡೇ ಐ ಹೆಲ್ಪ್ಡ್ ಹರ್."

ಯಾರ ಅಪ್ಪಣೆಗೂ ಕಾಯದೆ ಅವಳು ಲಟ್ಟಣಿಗೆಯನ್ನು ತೆಗೆದು ಸತ್ಯನಾರಾಯಣರ ಕೈಗೆ ಕೊಟ್ಟು, ರೆಕ್ಕೆಯನ್ನು ಅಮ್ಮನ ಎದೆಯ ಮೇಲಿಟ್ಟಳು. ಸಿಬ್ಬಂದಿ ಮುಚ್ಚಳ ಎತ್ತಿದ.

"ಸುಮಿಮಾಸೆನ್" ಎಂದು ಕ್ಷಮೆ ಕೇಳಿ ಶ್ರೀಕಂಠ ಕೈ ಅಡ್ಡ ಹಿಡಿದ. ಇನ್ನೇನು ತಕರಾರೋ ಎಂದು ಇಂದಿರಾ ಮುಂದೆ ಬಂದಳು. ಅವಳ ಸಿಟ್ಟು ಒಂದಿಷ್ಟೂ ಇಳಿದಿರಲಿಲ್ಲ.

ಅವನು ಪೆಟ್ಟಿಗೆಯ ಮೇಲೆ ಬಗ್ಗಿ, ಹೆಂಡತಿ ಹಾಕಿದ ಹೊಲಿಗೆಗಳ ಮೇಲೆ ಒಂದೊಂದಾಗಿ ಬೆರಳಾಡಿಸತೊಡಗಿದ. ಬೆರಳು ಇನ್ನೂ ಅರ್ಧ ರೆಕ್ಕೆಗೂ ಬಂದಿರಲಿಲ್ಲ. ಬಾಗಿಲಲ್ಲಿ ಮುಂದಿನ ಪೆಟ್ಟಿಗೆಯವರು ಕಾದು ನಿಂತಿದ್ದರು.