ಅಮ್ಮನ ಬೀಟೆ ಮಂಚ

ಅಮ್ಮ ತೀರಿಕೊಂಡ ಮೇಲೆ ಪುರಸೈವಾಕ್ಕಂ ಮನೆ ಖಾಲಿ ಮಾಡಿದ ತುಂಗಾ, ಅಮ್ಮ ಮಲಗುತ್ತಿದ್ದ ಬೀಟೆ ಮಂಚವನ್ನು ತನ್ನ ಮಾಧವರಂ ಫ್ಲಾಟಿಗೆ ತರಿಸಿದಳು. ಎಷ್ಟು ಓರೆ ಮಾಡಿದರೂ ಅದು ಮೆಟ್ಟಿಲ ತಿರುವು ದಾಟಲಿಲ್ಲ. ಕಾಲು ಕೊಯ್ಯದೆ ಬೇರೆ ದಾರಿಯಿಲ್ಲ ಎಂದ ಬಡಗಿ.

"ಕೊಯ್ಯಿಪ್ಪಾ," ಎಂದು ತುಂಗಾ ತಾನೇ ಮಂಚವನ್ನು ಹಿಡಿದುಕೊಂಡಳು. ಗರಗಸ ಎಳೆದಾಗ ಮರದ ನಡುಕ ಅವಳ ಅಂಗೈಗೆ ಬಂತು. ಚಿತೆಯ ಮುಂದೆಯೂ ಅಳದವಳು ಮೆಟ್ಟಿಲ ಮೇಲೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಬಡಗಿ ಗರಗಸ ಕೆಳಗಿಟ್ಟು ಕಾದ.

ಮಗಳು ಪ್ರಣಮ್ಯಾ ಪಕ್ಕಕ್ಕೆ ಬಂದು ಕೂತು, ತನ್ನ ತಮಿಳು ಬೆರೆತ ಕನ್ನಡದಲ್ಲಿ ಅಳಬೇಡಿ ಎಂದು ಸಮಾಧಾನ ಮಾಡಿದಳು. "ಅಳಾದೀಂಗಮ್ಮಾ. ಮಂಡಿನೋವಿಗೆ ಈ ಮಂಚ ರೊಂಬ ಎತ್ತರ ಅಂತ ಅಜ್ಜಿನೇ ಬಯ್ತಿದ್ರಲ್ಲ!"

ತುಂಗಾ ಕಣ್ಣೊರೆಸಿಕೊಂಡು, "ಹೌದೇ, ಬಯ್ತಿದ್ಲು," ಎಂದಳು.

ಗಿಡ್ಡವಾದ ಮಂಚ ಕೋಣೆ ಸೇರಿತು. ಹಾಸಿಗೆ ಬಿಡಿಸುವಷ್ಟೂ ತಾಳದೆ ತುಂಗಾ ಬರಿಯ ಹಲಗೆಯ ಮೇಲೆ ಮಲಗಿ, ಸಂಜೆಯವರೆಗೂ ನಿದ್ದೆ ಹೋದಳು.