ಪೆನಾಂಗಿನಿಂದ ಸಿಂಗಪುರಕ್ಕೆ ಮೂರು ಗಂಟೆ

ವಿಮಾನದ ಮಾತು ಬಂದರೆ ಗುಂಡ್ಲುಪೇಟೆಯ ವೃಷಭೇಂದ್ರಪ್ಪನವರಿಗೆ ಎಲ್ಲಿಲ್ಲದ ಹುರುಪು. ಇಬ್ಬರು ಗಂಡುಮಕ್ಕಳೂ ಸಮುದ್ರದಾಚೆಯ ಎರಡು ದ್ವೀಪಗಳಲ್ಲಿದ್ದರು. ಹಿರಿಯ ಶಾಂತಮಲ್ಲಪ್ಪ ಸಿಂಗಪುರದ ಜವಳಿ ಅಂಗಡಿಯಲ್ಲಿ, ಕಿರಿಯ ಮರಿಮಲ್ಲಪ್ಪ ಪೆನಾಂಗಿನ ವಿಮಾನ ನಿಲ್ದಾಣದಲ್ಲಿ ಗುಮಾಸ್ತ.

"ನಾನೂರು ಮೈಲಿಗೆ ಒಸಿ ಕಮ್ಮಿ ಕಣ್ಲಾ, ಮೂರೇ ಗಂಟೆ. ಉಂಡ ಕೈ ಒಣಗೋದ್ರೊಳಗೆ ಚಿಕ್ಕೋನು ಅಣ್ಣನ ಮುಂದೆ ಇರ್ತಾನೆ," ಎಂದು ಸಂತೆಗೆ ಬಂದವರನ್ನೆಲ್ಲ ಹಿಡಿದು ಹೇಳುತ್ತಿದ್ದರು. ತಾವು ಮಾತ್ರ ಮೈಸೂರಿನಾಚೆ ಕಾಲಿಟ್ಟವರಲ್ಲ, ಅದು ಬೇರೆ ಮಾತು.

ಆ ಬುಧವಾರ ಬೆಳಿಗ್ಗೆ ಅಂಚೆ ಪೇದೆ ಕೆಂಪಯ್ಯ ತಂತಿ ತಂದು, ತಲೆ ತಗ್ಗಿಸಿಕೊಂಡೇ ಓದಿ ಹೇಳಿದ. ಶಾಂತಮಲ್ಲಪ್ಪ ತೀರಿಕೊಂಡಿದ್ದ. ಬುಧವಾರ ಸಂಜೆ ದಹನವೆಂದು ಅಂಗಡಿಯ ಮಾಲೀಕರು ತಿಳಿಸಿದ್ದರು.

"ಲಿಂಗ ಕಟ್ಟಿದ ಮೈಯ ಸುಡ್ತಾರಾ?" ಎಂದು ಮಲ್ಲಾಜಮ್ಮ ಗಂಡನ ತೋಳು ಹಿಡಿದುಕೊಂಡರು.

ಅವರ ಜನರಲ್ಲಿ ಸತ್ತವರಿಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕುಳ್ಳಿರಿಸಿ ಮಣ್ಣು ಮಾಡುತ್ತಾರೆ. ಪಾಪ, ಆ ಮಾಲೀಕನಿಗೆ ಅದು ಹೇಗೆ ಗೊತ್ತಾಗಬೇಕು? ಮಧ್ಯಾಹ್ನದೊಳಗೆ ಮಾಲೀಕನಿಗೂ ಮರಿಮಲ್ಲಪ್ಪನಿಗೂ ತಂತಿ ಮುಟ್ಟಿದರೆ ದಹನ ನಿಲ್ಲುತ್ತಿತ್ತು, ಮರಿಮಲ್ಲಪ್ಪ ಹಾರಿ ಹೋಗಿ ಅಣ್ಣನನ್ನು ಮಣ್ಣು ಮಾಡಬಹುದಿತ್ತು. ಗಾಳಿಮಳೆಗೆ ಗುಂಡ್ಲುಪೇಟೆಯ ತಂತಿ ಕಂಬಗಳು ಬಿದ್ದಿದ್ದವು. ಈ ತಂತಿ ಬಂದದ್ದೂ ಚಾಮರಾಜನಗರದ ಬಸ್ಸಿನಲ್ಲೇ. ಅದೇ ಬಸ್ಸು ಈಗ ವಾಪಸು ಹೊರಟಿತ್ತು. ಅದು ಬಿಟ್ಟರೆ ಇನ್ನೊಂದು ಸಂಜೆಗೇ.

ಆದರೆ ವೃಷಭೇಂದ್ರಪ್ಪನವರ ಲಿಂಗಪೂಜೆ ಆಗಿರಲಿಲ್ಲ. ಪೂಜೆ ಮಾಡದೆ ಹೊಸಿಲು ದಾಟಿದ ದಿನವೇ ಅವರ ಬಾಳಿನಲ್ಲಿರಲಿಲ್ಲ. ಸೂತಕವೆಂದು ಪೂಜೆ ಬಿಡುವ ಪದ್ಧತಿಯೂ ಅವರಲ್ಲಿಲ್ಲ.

"ಬಸ್ಸು ಒಂಟೋಯ್ತದೆ ಯಜಮಾನ್ರೆ," ಎಂದ ಕೆಂಪಯ್ಯ.

"ಮಗನ ಕೈಗೆ ಲಿಂಗ ಕೊಡ್ಸಕ್ಕೆ ಓಗೋನು ನನ್ ಲಿಂಗವ ಬುಟ್ಟು ಓಗಕ್ಕಾದದಾ? ಒಂದ್ ಗಳಿಗೆ ನಿಲ್ಸು, ಓಗು."

ಸ್ನಾನ ಮಾಡಿ ಬಂದು, ಎಡಗೈಯಲ್ಲಿ ಲಿಂಗ ಹಿಡಿದು ಕೂತರು. ಬಸ್ಸಿನ ಹಾರನ್ ಕೇಳಿಸಿತು. ಎದ್ದುಬಿಡಲೇ ಅನ್ನಿಸಿತು, ಏಳಲಾಗಲಿಲ್ಲ. ಮತ್ತೊಮ್ಮೆ ಕೇಳಿಸಿದಾಗ ಸದ್ದು ಊರಾಚೆ ಹೋಗಿತ್ತು. ಪತ್ರೆಯನ್ನು ಬೇಗ ಬೇಗ ಏರಿಸಿದರು. ಆದರೂ ಪೂಜೆ ಮುಗಿಸಿಯೇ ಎದ್ದರು.

ನೆರೆಮನೆಯ ಬೋರಯ್ಯನ ಎತ್ತಿನ ಗಾಡಿ ಕಟ್ಟಿಸಿದರು. ತೆರಕಣಾಂಬಿ ದಾಟುವಾಗಲೇ ಸೂರ್ಯ ನೆತ್ತಿಯಿಂದ ಇಳಿದಿದ್ದ. ಎತ್ತುಗಳನ್ನು ಬೈದರು, ರಸ್ತೆಯನ್ನು ಬೈದರು, ಕೊನೆಗೆ ತಮ್ಮನ್ನೇ ಬೈದುಕೊಂಡರು. ಯಾವ ಬೈಗುಳಕ್ಕೂ ಗಾಡಿ ಬೇಗ ಉರುಳಲಿಲ್ಲ.

ಚಾಮರಾಜನಗರದ ತಂತಿ ಕಚೇರಿ ಸೇರಿದಾಗ ಬೀದಿಯಲ್ಲಿ ಬಿಸಿಲು ಇನ್ನೂ ಇತ್ತು. ಅದನ್ನು ಕಂಡು ಅವರಿಗೆ ಜೀವ ಬಂದಂತಾಯಿತು.

"ಇನ್ನೂ ಒತ್ತು ಮುಳುಗಿಲ್ಲ. ಬೇಗ ಕಳಿಸಿ ಸ್ವಾಮಿ."

ತಂತಿ ಗುಮಾಸ್ತ ಅವರ ಮಾತೆಲ್ಲ ಕೇಳಿಸಿಕೊಂಡು, ಲೇಖನಿ ಕೆಳಗಿಟ್ಟ. "ಆ ಕಡೆ ಗಡಿಯಾರ ನಮಗಿಂತ ಎರಡು ಗಂಟೆ ಮುಂದಿದೆ ಯಜಮಾನ್ರೆ. ಅಲ್ಲಿ ಆಗಲೇ ಕತ್ತಲಾಗಿರುತ್ತೆ."

ವೃಷಭೇಂದ್ರಪ್ಪನವರು ಬಾಗಿಲಾಚೆಯ ಬಿಸಿಲನ್ನೇ ನೋಡುತ್ತ ನಿಂತರು. 

"ಈಗ ಏನಂತ ಬರೀಲಿ?" ಎಂದು ಗುಮಾಸ್ತ ಮೆಲ್ಲಗೆ ಕೇಳಿದ.

"ಸಿಂಗಪುರದ ಮಾಲೀಕರಿಗೆ, ಸುಡಬ್ಯಾಡಿ, ತಮ್ಮ ಬತ್ತಾವ್ನೆ, ಅಂತ ಬರೀರಿ," ಎಂದರು.